ತೆರೆಯ ಮೇಲಿನ ಪಾಠ, ಕೈಯಲ್ಲಿನ ಲೋಲಕ

ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು 1962ರಲ್ಲಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ಯಂತ್ರಗಳನ್ನು ಕಣ್ಣಾರೆ ಕಂಡು, ಕೈಯಾರೆ ನಡೆಸಿ ಕಲಿಯುವುದೇ ಇಂತಹ ಸಂಸ್ಥೆಗಳ ವೈಶಿಷ್ಟ್ಯ. 2020ರಲ್ಲಿ ಕೋವಿಡ್ ವ್ಯಾಧಿಯ ದೆಸೆಯಿಂದ ವಸ್ತುಸಂಗ್ರಹಾಲಯಗಳ ಬಾಗಿಲು ಮುಚ್ಚಿದಾಗ, ಮಕ್ಕಳಿಗೂ ಹಿರಿಯರಿಗೂ ಅಂತರ್ಜಾಲದ ಮೂಲಕ ಪಾಠ ಹೇಳುವ ಪದ್ಧತಿಯು ದೇಶವಿದೇಶಗಳಲ್ಲಿ ಹಬ್ಬಿತು. ಮುಟ್ಟಲಾಗದ ವಸ್ತುವಿನಿಂದ ಕಲಿಯುವುದು ಹೇಗೆ?

ನಾವು ಒಂದು ಉದಾಹರಣೆಯನ್ನು ಪರಿಶೀಲಿಸೋಣ. ದಾರಕ್ಕೆ ಸಣ್ಣ ಕಲ್ಲೊಂದನ್ನು ಕಟ್ಟಿ ತೂಗಬಿಡಿ. ತೂಗುಬಿಂದುವಿನಿಂದ ಕಲ್ಲಿನ ಮಧ್ಯದವರೆಗೆ 1 ಮೀಟರ್ ಇರಲಿ. ತುಸುವೇ ಸರಿಸಿ ಬಿಟ್ಟರೆ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ಹಿಡಿಯುತ್ತದೆ. ಉದ್ದವನ್ನು 25 ಸೆಂಟಿಮೀಟರಿಗೆ ಇಳಿಸಿದರೆ ಸುಮಾರು 20 ಸೆಕೆಂಡು ಸಾಕು. ಉದ್ದ ಕಾಲುಭಾಗವಾದಾಗ ಕಾಲವು ಅರ್ಧವಾಯಿತು; ಏಕೆಂದರೆ ಆಂದೋಲನದ ಅವಧಿಯು ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ.

ಬಸವನಗುಡಿಯ ವಿದ್ಯಾರ್ಥಿನಿಯೂ ಮಲ್ಲೇಶ್ವರದ ನಿವೃತ್ತ ಗುಮಾಸ್ತರೂ ತಂತಮ್ಮ ಮನೆಗಳಲ್ಲಿ ಪಡೆದ ಅಂಕಿಗಳನ್ನು ತೆರೆಯ ಮೇಲೆ ಹೋಲಿಸಬಹುದು. ಒಬ್ಬರಿಗೆ 38 ಸೆಕೆಂಡು ಬಂದಿತೆನ್ನಿ. ಕಲ್ಲನ್ನು ಬಿಟ್ಟ ಕ್ಷಣವನ್ನೇ ಅವರು ‘ಒಂದು’ ಎಂದು ಎಣಿಸಿರಬಹುದು. ಆಗ ನಡೆದುದು 19 ಆಂದೋಲನ ಮಾತ್ರ. ಬರಿದೆ ನೋಡುತ್ತ ಕುಳಿತವರಿಗೆ ಈ ತಿಳಿವು ದೊರೆಯದು. ಆದುದರಿಂದ ಇಂತಹ ಪಾಠವನ್ನು ಕೇಳುವಾಗ ದಾರ, ಕಲ್ಲು, ಅಳತೆಪಟ್ಟಿ, ಗಡಿಯಾರ ನಮ್ಮ ಬಳಿಯಲ್ಲಿರಬೇಕು.