ಟೈಲ್ ಹಿಂದಿನ ಬೋರ್ಡಿನ ಲೆಕ್ಕ

ಬ್ರಿಟನ್ನಿನ ಹಳೆಯ ಇಟ್ಟಿಗೆ ಮನೆಗಳಲ್ಲಿ ಸ್ನಾನದ ಕೋಣೆಗೆ ಟೈಲ್ ಹಾಕುವ ಮುನ್ನ ಗೋಡೆಗೆ ಬ್ಯಾಕರ್ ಬೋರ್ಡ್ ಎಂಬ ತೆಳು ಹಲಗೆಗಳನ್ನು ಕೂರಿಸುತ್ತಾರೆ. ಟೈಲ್ ಅಂಟಿಕೊಳ್ಳುವುದು ಈ ಹಲಗೆಗಳ ಮೇಲೆ. ಕೆಲಸ ಮುಗಿದ ಮೇಲೆ ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದೂ ಇವಕ್ಕೇ. ಕರ್ನಾಟಕದ ಮನೆಗಳಲ್ಲಿ ಇಂಥ ಬೋರ್ಡಿನ ಮಾತು ಅಪರೂಪ. ಇಟ್ಟಿಗೆ ಗೋಡೆಗೆ ಸಿಮೆಂಟ್ ಗಾರೆ ಮಾಡಿ ಅದರ ಮೇಲೆಯೇ ಟೈಲ್ ಹಾಕುತ್ತಾರೆ, ಸಿಮೆಂಟ್ ಗಾರೆ ನೀರಿಗೆ ಕರಗುವುದಿಲ್ಲ. ಇಂಗ್ಲೆಂಡಿನ ಒಳಗೋಡೆಗಳಿಗೆ ಇರುವುದು ಹೆಚ್ಚಾಗಿ ಜಿಪ್ಸಮ್ ಪ್ಲಾಸ್ಟರ್, ಇನ್ನೂ ಹಳೆಯದಾದರೆ ಸುಣ್ಣದ ಗಾರೆ. ಅಲ್ಲಿ ಮನೆ ಕೊಂಡ ಕನ್ನಡಿಗರು ಊರಿನ ಲೆಕ್ಕ ಹಾಕಿದರೆ ಅಂದಾಜು ತಪ್ಪುವುದು ಇಲ್ಲಿಂದಲೇ.

ಜಿಪ್ಸಮ್ ಒಣಗಿರುವಷ್ಟು ದಿನ ಗಟ್ಟಿ, ನೀರು ಕುಡಿದರೆ ಮೆತ್ತಗಾಗುತ್ತದೆ. ಅದು ಹೊರಬಲ್ಲ ತೂಕಕ್ಕೂ ಮಿತಿಯಿದೆ. ಜಿಪ್ಸಮ್ ಪ್ಲಾಸ್ಟರ್ ಬಳಿದ ಗೋಡೆ ಚದರ ಮೀಟರಿಗೆ 20 ಕಿಲೋ, ಬಳಿಯದ ಪ್ಲಾಸ್ಟರ್‌ಬೋರ್ಡ್ 32 ಕಿಲೋ ತಡೆಯುತ್ತದೆಂದು ಅಲ್ಲಿನ ಟೈಲ್ ಕೆಲಸದವರು ಲೆಕ್ಕ ಹಿಡಿಯುತ್ತಾರೆ. ಟೈಲ್, ಅಂಟು, ಗ್ರೌಟ್ ಎಲ್ಲವೂ ಅದರೊಳಗೇ ಬರಬೇಕು. ಈಗ ಎಲ್ಲರೂ ಬಯಸುವ 10 ಮಿಲಿಮೀಟರ್ ದಪ್ಪದ ಪೋರ್ಸಿಲಿನ್ ಟೈಲ್ ಒಂದೇ ಚದರ ಮೀಟರಿಗೆ ಸುಮಾರು 23 ಕಿಲೋ ತೂಗುತ್ತದೆ. ಅಂಗಡಿಯಲ್ಲಿ ಟೈಲಿನ ಬಣ್ಣ ನೋಡುವವರು ಬಹಳ, ಪೆಟ್ಟಿಗೆಯ ಮೇಲಿನ ತೂಕ ಓದುವವರು ಕಡಿಮೆ.

ಬೋರ್ಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸಿಮೆಂಟ್ ಮತ್ತು ನಾರು ಬೆರೆಸಿ ಒತ್ತಿದ್ದು. ಭಾರ, ಕತ್ತರಿಸಿದರೆ ಧೂಳು. ಇನ್ನೊಂದರಲ್ಲಿ ನಡುವೆ ಗಟ್ಟಿ ಫೋಮ್, ಎರಡೂ ಬದಿಗೆ ಗಾಜಿನ ನಾರಿನ ಬಲೆ ಮತ್ತು ಸಿಮೆಂಟ್ ಲೇಪ; ಹಗುರ, ಸಾದಾ ಚಾಕುವಿನಿಂದ ಕೊಯ್ಯಬಹುದು. ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತಾರೆ, ಆದರೆ ನೀರಿನ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವಿದೆ. ಸಿಮೆಂಟ್ ಬೋರ್ಡ್ ನೀರಿಗೆ ಕೆಡುವುದಿಲ್ಲ, ಆದರೆ ನೀರನ್ನು ಹಿಂದಕ್ಕೆ ಬಿಟ್ಟುಕೊಡುತ್ತದೆ. ಅದರ ಮೇಲೆ ಜಲನಿರೋಧಕ ಲೇಪ ಬೇಕೇ ಬೇಕು. ಫೋಮ್ ಬೋರ್ಡಿನ ಮೈ ನೀರು ಬಿಡುವುದಿಲ್ಲ, ಕೀಲು ಮತ್ತು ಮೊಳೆಯ ತೂತುಗಳನ್ನು ಮುಚ್ಚಿದರೆ ಸಾಕು. ಬಿಲ್ಲಿನಲ್ಲಿ ಅಗ್ಗವಾಗಿ ಕಾಣುವ ಸಿಮೆಂಟ್ ಬೋರ್ಡ್ ಲೇಪದ ಖರ್ಚು ಸೇರಿದಾಗ ಅಷ್ಟೇನೂ ಅಗ್ಗವಾಗಿ ಉಳಿಯುವುದಿಲ್ಲ.

ಈ ಅಂಕಣಕಾರನ ಮನೆ 1900ರ ಆಸುಪಾಸಿನ ಸಾಲುಮನೆ, ಹೊರಗೋಡೆ ಒಂಬತ್ತು ಅಂಗುಲದ ಗಟ್ಟಿ ಇಟ್ಟಿಗೆಯದು. ಅಲ್ಲಿನ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1.7 ಮೀಟರಿನ ಟಬ್ಬಿನ ಸುತ್ತ ಮೂರು ಗೋಡೆ, ಟಬ್ಬಿನ ಅಂಚಿನಿಂದ ಸೂರಿನವರೆಗೆ ಸುಮಾರು 5.7 ಚದರ ಮೀಟರ್. 1200ಕ್ಕೆ 600 ಮಿಲಿಮೀಟರಿನ ಫೋಮ್ ಬೋರ್ಡ್ ಎಂಟು ಸಾಲುತ್ತವೆ. ಕತ್ತರಿಸಿ ಹಾಳಾಗುವುದಕ್ಕೆಂದು ಇನ್ನೆರಡು ಸೇರಿಸಿದರೆ ಹತ್ತು. ಬೋರ್ಡಿಗೆ ಸುಮಾರು 160 ಪೌಂಡ್, ಮೂರು ಚೀಲ ಅಂಟಿಗೆ 60, ಮೊಳೆ, ವಾಷರ್, ಟೇಪಿಗೆ 25, ಕೀಲು ಮುಚ್ಚುವ ಸಾಮಗ್ರಿಗೆ 45. ಒಟ್ಟು 290. ಕೆಲಸಗಾರನ ಒಂದೂವರೆ ದಿನದ ಕೂಲಿ 330. ಎಲ್ಲ ಸೇರಿ 620 ಪೌಂಡ್.

ಬೋರ್ಡ್ ಬಿಟ್ಟು ಗೋಡೆಗೆ ಹೊಸ ಜಿಪ್ಸಮ್ ಪ್ಲಾಸ್ಟರ್ ಮಾಡಿಸಿದ್ದರೆ 350 ಪೌಂಡಿಗೆ ಮುಗಿಯುತ್ತಿತ್ತು. ಆದರೆ ಹಸಿ ಜಿಪ್ಸಮ್ ಮೇಲೆ ಟೈಲ್ ಹಾಕಲು ನಾಲ್ಕು ವಾರ, ಮರಳು ಸಿಮೆಂಟ್ ಗಾರೆಯಾದರೆ ಎರಡು ವಾರ ಕಾಯಬೇಕೆಂಬುದು ಅಲ್ಲಿನ ರೂಢಿ. ಜಿಪ್ಸಮ್ ಆದರೆ ಮೇಲೆ ಜಲನಿರೋಧಕ ಲೇಪದ ಖರ್ಚು ಬೇರೆ. ಒಂದೇ ಸ್ನಾನದ ಕೋಣೆಯಿರುವ ಮನೆಯವರು ಅಷ್ಟು ದಿನ ಸ್ನಾನಕ್ಕೆ ಯಾರ ಮನೆ ಬಾಗಿಲು ತಟ್ಟಬೇಕು? ಬೋರ್ಡಿನ ಮೇಲೆ ಮರುದಿನವೇ ಟೈಲ್ ಏರಿಸಬಹುದು. ಕೂಲಿ ದುಬಾರಿಯಾದ ದೇಶದಲ್ಲಿ ಬೋರ್ಡಿಗೆ ಕೊಡುವ ಹೆಚ್ಚಿನ ದುಡ್ಡು ಈ ದಿನಗಳ ಬೆಲೆ.

ಕೆಲಸ ಶುರುವಾಗುವುದು ಗೋಡೆ ತಟ್ಟುವುದರಿಂದ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆಯೆಲ್ಲ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ ಎಂದರ್ಥ. ಮೇಲೆ ಹೇಳಿದ ಮನೆಯಲ್ಲಿ ನಲ್ಲಿಯ ಪಕ್ಕ ಉಳಿಯ ಮೊನೆ ತಾಕಿಸಿದ್ದೇ ತಡ, ಅಂಗೈಯಗಲದ ಸುಣ್ಣದ ಗಾರೆ ಕೂದಲ ಎಳೆಗಳ ಸಮೇತ ಕೆಳಗೆ ಬಿತ್ತು; ಆ ಕಾಲದ ಗಾರೆಗೆ ಪ್ರಾಣಿಗಳ ಕೂದಲು ಬೆರೆಸುತ್ತಿದ್ದರು. ಸಡಿಲಾದದ್ದನ್ನೆಲ್ಲ ಕೆರೆದು, ಇಟ್ಟಿಗೆಯನ್ನು ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಹಚ್ಚಬೇಕು. ಧೂಳಿನ ಮೇಲೆ ಯಾವ ಅಂಟೂ ನಿಲ್ಲದು. ಇಟ್ಟಿಗೆ ತೇವವಾಗಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ ಹೊರಗಿನ ದೋಣಿ, ಮಳೆನೀರಿನ ಕೊಳವೆ ನೋಡಬೇಕು. ಬೋರ್ಡ್ ತೇವವನ್ನು ವಾಸಿ ಮಾಡುವುದಿಲ್ಲ, ಮರೆಮಾಡುತ್ತದೆ ಅಷ್ಟೆ.

ಗೋಡೆ ಸಪಾಟಾಗಿದ್ದರೆ ಹಲ್ಲು ಕರಣೆಯಿಂದ ಬೋರ್ಡಿನ ಹಿಂಬದಿಗೆ ಪೂರ್ತಿ ಅಂಟು ಬಳಿಯುವುದು ಒಳ್ಳೆಯದು. ಉಬ್ಬುತಗ್ಗಿದ್ದರೆ ಅಂಟಿನ ಮುದ್ದೆಗಳನ್ನಿಟ್ಟು ಬೋರ್ಡ್ ಒತ್ತಿ, ರಸಮಟ್ಟ ಹಿಡಿದು ನೇರ ಮಾಡುತ್ತಾರೆ. ಇಟ್ಟಿಗೆ ಕಟ್ಟುವ ಹಾಗೆಯೇ ಬೋರ್ಡಿನ ಕೀಲುಗಳೂ ಒಂದರ ಮೇಲೊಂದು ಬರಬಾರದು. ಅಂಟು ಗಟ್ಟಿಯಾದ ಮರುದಿನ ಬೋರ್ಡಿನ ಮೂಲಕ ಇಟ್ಟಿಗೆಗೆ ಡ್ರಿಲ್ ಮಾಡಿ, ಅಗಲ ವಾಷರಿರುವ ಮೊಳೆ ಬಡಿಯುತ್ತಾರೆ, ಚದರ ಮೀಟರಿಗೆ ಐದಾದರೂ ಬೇಕು. ತೂತು ಅಂಟಿನ ಮುದ್ದೆ ಇರುವಲ್ಲಿಯೇ ಬೀಳಬೇಕು. ಟೊಳ್ಳು ಜಾಗದಲ್ಲಿ ಬಡಿದರೆ ಬೋರ್ಡ್ ಒಳಗೆ ಬಾಗುತ್ತದೆ. ಹಳೆ ಮನೆಯಲ್ಲಿ ಇಟ್ಟಿಗೆಗಳ ನಡುವಿನ ಸುಣ್ಣದ ಸಂದಿಗೆ ಡ್ರಿಲ್ ತಾಗಿದರೆ ಕೆಂಪು ಪುಡಿಯ ಬದಲು ಬಿಳಿ ಪುಡಿ ಉದುರುತ್ತದೆ, ಮೊಳೆ ಗರಗರ ತಿರುಗುತ್ತದೆ. ಅದನ್ನು ಬಿಟ್ಟು ಪಕ್ಕದಲ್ಲಿ ಹೊಸ ತೂತು ಕೊರೆಯುವುದೇ ಸರಿ. ಡ್ರಿಲ್ ಹಿಡಿಯುವ ಮೊದಲು ಕೊಳವೆ, ತಂತಿ ಎಲ್ಲಿವೆ ಎಂದು ಡಿಟೆಕ್ಟರ್ ಆಡಿಸಿ ನೋಡಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಕೀಲುಗಳಿಗೆ ಕ್ಷಾರಕ್ಕೆ ಕೆಡದ ಬಲೆ ಟೇಪ್ ಹಾಕಿ, ಮೂಲೆಗಳಿಗೂ ವಾಷರುಗಳಿಗೂ ಜಲನಿರೋಧಕ ಲೇಪ ಬಳಿಯುತ್ತಾರೆ. ಟಬ್ ಮತ್ತು ಟೈಲ್ ಕೂಡುವ ಸಂದಿಗೆ ಸಿಲಿಕೋನ್ ತುಂಬುವಾಗ ಟಬ್ಬಿನಲ್ಲಿ ನೀರು ತುಂಬಿರಬೇಕು. ಖಾಲಿ ಟಬ್ಬಿಗೆ ಹಚ್ಚಿದ ಸಿಲಿಕೋನ್, ಮನುಷ್ಯ ಇಳಿದಾಗ ಟಬ್ ಕುಗ್ಗಿ ಹರಿಯುತ್ತದೆ.

ಈ ಸಂದಿಗೆ ವಿಮೆಯ ನಂಟೂ ಇದೆ. ಕೊಳವೆ ಒಡೆದು ನೀರು ನುಗ್ಗಿದರೆ ಬ್ರಿಟನ್ನಿನ ಮನೆ ವಿಮೆ ಸಾಮಾನ್ಯವಾಗಿ ಹಣ ಕೊಡುತ್ತದೆ. ಗ್ರೌಟ್ ಅಥವಾ ಸಿಲಿಕೋನ್ ಕೆಟ್ಟು ಮೆಲ್ಲಗೆ ಸೋರಿ ಕೆಳಗಿನ ಕೋಣೆಯ ಸೂರು ಹಾಳಾದರೆ ಹಲವು ಪಾಲಿಸಿಗಳು ಕೈಯೆತ್ತುತ್ತವೆ. ಹಿಂದಿನ ಬೋರ್ಡಿಗೆ ಖರ್ಚು ಮಾಡುವಾಗ ವಿಮೆ ಕೊಡದ ಈ ನಷ್ಟವನ್ನೂ ತಕ್ಕಡಿಗೆ ಹಾಕಬೇಕು.

ಕೊಟೇಶನ್ ಪಡೆಯುವಾಗ ವ್ಯಾಟ್ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು, ಏಕೆಂದರೆ ದರ ಶೇಕಡಾ 20. ವರ್ಷಕ್ಕೆ 90,000 ಪೌಂಡಿಗಿಂತ ಕಡಿಮೆ ವಹಿವಾಟಿನ ಸಣ್ಣ ಕೆಲಸಗಾರರು ವ್ಯಾಟ್ ನೋಂದಣಿ ಮಾಡಿಸಲೇಬೇಕೆಂದಿಲ್ಲ. 2024ರ ಏಪ್ರಿಲ್‌ವರೆಗೆ ಈ ಮಿತಿ 85,000 ಇತ್ತು. ನೋಂದಣಿಯಿಲ್ಲದವರು ಕೂಲಿಯ ಮೇಲೆ ವ್ಯಾಟ್ ಹಾಕುವಂತಿಲ್ಲ, ಸಾಮಾನಿನ ಬೆಲೆಯಲ್ಲಿ ಮಾತ್ರ ಅದು ಅಡಗಿರುತ್ತದೆ. ಹಾಗಾಗಿ ಒಂದೇ ಕೆಲಸಕ್ಕೆ ಎರಡು ಕೊಟೇಶನ್ನುಗಳ ನಡುವೆ ದೊಡ್ಡ ಅಂತರ ಕಂಡರೆ ಕೈಗುಣಕ್ಕಿಂತ ಮೊದಲು ತೆರಿಗೆ ನೋಡಬೇಕು. ಬೋರ್ಡಿನ ದಪ್ಪ, ಮೊಳೆ, ಟೇಪ್, ಲೇಪ ಇವೆಲ್ಲ ಬೇರೆಬೇರೆ ಸಾಲುಗಳಲ್ಲಿ ಬರಲಿ. ‘ಗೋಡೆ ಸಿದ್ಧತೆ’ ಎಂಬ ಒಂದೇ ಸಾಲಿನಲ್ಲಿ ಏನು ಬೇಕಾದರೂ ಬಿಟ್ಟುಹೋಗಬಹುದು.

ಕೋಣೆಯ ಎಲ್ಲ ಗೋಡೆಗೂ ಬೋರ್ಡ್ ಬೇಕಿಲ್ಲ. ನೀರು ನೇರವಾಗಿ ಬೀಳದ ಕಡೆ, ಬಾಗಿಲಿನ ಪಕ್ಕ ಅಥವಾ ಕಮೋಡಿನ ಹಿಂದೆ, ಹಳೆಯ ಜಿಪ್ಸಮ್ ಪ್ಲಾಸ್ಟರ್ ಗಟ್ಟಿಯಾಗಿದ್ದರೆ ಬಣ್ಣ ಕೆರೆದು, ಪ್ರೈಮರ್ ಹಚ್ಚಿ, 20 ಕಿಲೋ ಮಿತಿಯೊಳಗಿನ ಸೆರಾಮಿಕ್ ಟೈಲನ್ನು ನೇರವಾಗಿ ಅಂಟಿಸಬಹುದು.