ಚೇಳಿನ ವಿಷವೂ ನರಕೋಶದ ಬಾಗಿಲೂ

ವಾಡಿ, ಶಹಾಬಾದ, ಚಿತ್ತಾಪುರಗಳ ಸೀಮೆಯಲ್ಲಿ ಬೆಳೆದವರಿಗೆ ಚೇಳಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಪದರಪದರವಾಗಿ ಏಳುವ ನಮ್ಮ ಸುಣ್ಣಕಲ್ಲಿನ ಸಂದು, ಗಣಿಯ ಬಳಿ ಒಟ್ಟಿದ ಕಲ್ಲುಚೂರಿನ ದಿಬ್ಬ, ಹಳೆಯ ಗೋಡೆಯ ಬಿರುಕು, ಇವೆಲ್ಲವೂ ಅದರ ಮನೆಗಳೇ. ನೆರೆಯ ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯಂದು ಜನರು ಬೆಟ್ಟದ ಕಲ್ಲುಗಳನ್ನು ಸರಿಸಿ, ಸಿಕ್ಕ ಚೇಳುಗಳನ್ನು ಅಂಗೈಮೇಲೆ ಹರಿಯಬಿಡುತ್ತಾರೆ. ಅವರ ಭಕ್ತಿಯನ್ನು ಅಳೆಯುವುದು ನನ್ನ ಕೆಲಸವಲ್ಲ. ಕನ್ನಡದ ಚೇಳು, ತಮಿಳಿನ ತೇಳ್, ತೆಲುಗಿನ ತೇಲು ಒಂದೇ ಬೇರಿನ ಶಬ್ದಗಳು. ಮರಾಠಿಯಲ್ಲಿ ದೊಡ್ಡ ಚೇಳಿಗೆ ಇಂಗಳಿ ಎನ್ನುವರು. ಹಳಗನ್ನಡದಲ್ಲಿ ಇಂಗಳವೆಂದರೆ ಕೆಂಡ. ಕಡಿಸಿಕೊಂಡವರಿಗೆ ಈ ಸಾಮ್ಯದ ವ್ಯಾಖ್ಯಾನ ಬೇಕಿಲ್ಲ. ಆದರೆ ಆ ಉರಿಯೇ ಅಪಾಯದ ಅಳತೆಗೋಲೆಂದು ನಾವು ತಿಳಿದದ್ದು ದೊಡ್ಡ ತಪ್ಪು. ಆ ತಪ್ಪನ್ನು ನಾನೂ ಮಾಡಿದ್ದೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮಳೆಗಾಲದ ಒಂದು ಸಂಜೆ ಆರನೆಯ ತರಗತಿಯ ಹುಡುಗನೊಬ್ಬನಿಗೆ ಚಪ್ಪಡಿ ಎತ್ತುವಾಗ ಕೆಂಪು ಚೇಳು ಕಡಿಯಿತು. ತಂದೆ ಗಣಿಯ ಕೂಲಿಕಾರ. ಮಂತ್ರ ಹಾಕಿಸಿದರು, ಬೇರು ತೇದು ಹಚ್ಚಿದರು. ನಾನು ಹೋದಾಗ ಹುಡುಗ, “ಈಗ ಉರಿ ಇಲ್ರೀ ಗುರುಗಳೇ” ಎಂದ. “ಇನ್ನು ಭಯವಿಲ್ಲವ್ವಾ” ಎಂದು ಅವನ ತಾಯಿಗೆ ಹೇಳಿದವನು ನಾನೇ. ಮೈಯೆಲ್ಲ ಬೆವರಿತ್ತು, ಎರಡು ಸಲ ವಾಂತಿಯಾಗಿತ್ತು, ಕೈ ಹಿಮದಂತಿತ್ತು; ಮಳೆಯಲ್ಲಿ ನೆನೆದದ್ದರ ಫಲವೆಂದುಕೊಂಡೆ. ನಡುರಾತ್ರಿ ಉಸಿರು ಕಟ್ಟತೊಡಗಿತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತು.

ವಿಷಶಾಸ್ತ್ರ ನಮಗೆ ಹೊಸದಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನವು ಚೇಳುಗಳನ್ನು ಮಂದವಿಷ, ಮಧ್ಯವಿಷ, ಮಹಾವಿಷಗಳೆಂದು ವಿಂಗಡಿಸಿದೆ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯಕ್ಕಾಗಿಯೇ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ. ಅದನ್ನು ಪಾಠ ಹೇಳಬಲ್ಲವನಾಗಿದ್ದ ನನಗೆ, ವಿಷವು ಶರೀರದಲ್ಲಿ ಯಾವ ಬಾಗಿಲನ್ನು ಹಿಡಿಯುತ್ತದೆಂಬುದು ತಿಳಿದಿರಲಿಲ್ಲ. ಆ ಘಟನೆಯ ಅನಂತರ ವಿಜ್ಞಾನದ ಅಧ್ಯಾಪಕರನ್ನೂ ವೈದ್ಯರನ್ನೂ ಕೇಳಿ ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಅಂಜಿಕೆ ಹುಟ್ಟಿಸುವ ದೊಡ್ಡ ಕರಿಚೇಳಿಗಿಂತ ಎರಡು ಮೂರು ಅಂಗುಲದ ಕೆಂಪು ಚೇಳೇ ಘಾತಕ. ನಮ್ಮ ನರಕೋಶದ ಪೊರೆಯಲ್ಲಿ ಅಸಂಖ್ಯ ಸೂಕ್ಷ್ಮ ಬಾಗಿಲುಗಳಿವೆ. ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಸುದ್ದಿ ಸಾಗುವಾಗ ಸೋಡಿಯಂ ಬಾಗಿಲು ತೆರೆದು, ಸೆಕೆಂಡಿನ ಸಾವಿರದಲ್ಲೊಂದೆರಡು ಭಾಗದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ನರದ ಶಿಸ್ತೆಲ್ಲವೂ ಈ ಮುಚ್ಚುವಿಕೆಯಲ್ಲಿದೆ. ಚೇಳಿನ ವಿಷದಲ್ಲಿ 60ರಿಂದ 70 ಅಮೈನೋ ಆಮ್ಲಗಳನ್ನು ಪೋಣಿಸಿ, ಗಂಧಕದ ನಾಲ್ಕು ಬೆಸುಗೆಗಳಿಂದ ಬಿಗಿದ ಪೆಪ್ಟೈಡುಗಳುಂಟು. ಇವು ಆ ಬಾಗಿಲಿನ ಹೊರಮೈಯನ್ನು ಕಚ್ಚಿ, ಅದು ಮುಚ್ಚದಂತೆ ಬೆಣೆ ಬಡಿಯುತ್ತವೆ. ಇನ್ನು ಕೆಲವು ಚಿಕ್ಕ ಪೆಪ್ಟೈಡುಗಳು ಪೊಟ್ಯಾಸಿಯಂ ಬಾಗಿಲನ್ನು ಅಡ್ಡಗಟ್ಟುತ್ತವೆ. ನಮ್ಮ ಕೆಂಪು ಚೇಳಿನಿಂದಲೇ ಪಡೆದು 1990ರಲ್ಲಿ ವರ್ಣಿಸಲಾದ ಐಬೀರಿಯೋಟಾಕ್ಸಿನ್ ಅಂಥದೊಂದು. ಅದರಲ್ಲಿರುವುದು 37 ಅಮೈನೋ ಆಮ್ಲಗಳು ಮಾತ್ರ.

ಬಾಗಿಲು ಮುಚ್ಚದಿದ್ದರೆ ಸುದ್ದಿ ನಿಲ್ಲುವುದಿಲ್ಲ. ನರಗಳ ತುದಿಯಿಂದಲೂ ಮೂತ್ರಪಿಂಡದ ಮೇಲಿನ ಗ್ರಂಥಿಯಿಂದಲೂ ಅಡ್ರಿನಲಿನ್ ಮತ್ತು ನಾರಡ್ರಿನಲಿನ್ ಎಡೆಬಿಡದೆ ಸುರಿದು, ರಕ್ತನಾಳದ ಗೋಡೆಯ ಆಲ್ಫಾ ಗ್ರಾಹಕಗಳ ಮೇಲೆ ಕೂಡುತ್ತವೆ. ಗ್ರಾಹಕವೆಂದರೆ ತಕ್ಕ ಕೀಲಿ ಬಿದ್ದಾಗ ಮಾತ್ರ ತಿರುಗುವ ಬೀಗ. ಆಗ ನಾಳಗಳು ಬಿಗಿಯುತ್ತವೆ, ಕೈಕಾಲು ತಣ್ಣಗಾಗುತ್ತವೆ, ಹೃದಯ ಬಳಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೊಲ್ಲುವುದು ಹೊರಗಿನ ವಿಷಕ್ಕಿಂತ ಹೆಚ್ಚಾಗಿ ನಮ್ಮದೇ ದ್ರವ್ಯದ ಪ್ರವಾಹ. ಉರಿ ವಿಪರೀತವಿದ್ದು ಬೇರೆ ಲಕ್ಷಣವಿಲ್ಲದವನು ಸಾಮಾನ್ಯವಾಗಿ ಬದುಕುತ್ತಾನೆ. ಉರಿ ಕಡಿಮೆಯಾಗಿ ಬೆವರು, ವಾಂತಿ, ತಣ್ಣನೆಯ ಕೈಗಳಿದ್ದವನೇ ಅಪಾಯದಲ್ಲಿರುವವನು. ಮಂತ್ರ ಫಲಿಸಿತೆಂದು ನಾವು ಹಿಗ್ಗಿದ್ದು ಯಾವ ಗಳಿಗೆಯಲ್ಲಿ ಎಂಬುದನ್ನು ವಾಚಕರು ಊಹಿಸಬಹುದು.

ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಕೊಂಕಣದ ಹಳ್ಳಿಗಳ ಇಂಥ ರೋಗಿಗಳ ಬಳಿ ರಾತ್ರಿಗಳನ್ನು ಕಳೆದು, ಈ ಲಕ್ಷಣಗಳ ಕ್ರಮವನ್ನು ಬರೆದಿಟ್ಟರು. ವಿಷವನ್ನು ಬೆನ್ನಟ್ಟುವ ಬದಲು ಅವರು ಮುಂದಿನ ಬಾಗಿಲನ್ನು ಕಾದರು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆ ಆಲ್ಫಾ ಗ್ರಾಹಕದಲ್ಲಿ ತಾನು ಕೂತು, ನಾರಡ್ರಿನಲಿನ್‌ಗೆ ಎಡೆಯಿಲ್ಲದಂತೆ ಮಾಡುತ್ತದೆ. 1986ರಲ್ಲಿ ಅವರ ಅನುಭವ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲು ವಿಷವೇರಿದವರಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ಈ ಗುಳಿಗೆಯ ತರುವಾಯ ಬೆರಳೆಣಿಕೆಗೆ ಇಳಿಯಿತು. ಗುಳಿಗೆಯೊಡನೆ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಬೇಗನೆಂದು 2011ರಲ್ಲಿ ಅವರೇ ತೋರಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇದೇ ಬಾಗಿಲುಗಳ ವಿದ್ಯೆ ಕಡಲಿನಲ್ಲಿಯೂ ಉಂಟು. ಶಂಕುವಿನಾಕಾರದ ಚಿಪ್ಪುಳ್ಳ ಒಂದು ಬಸವನಹುಳು, ಕೋನಸ್ ಮೇಗಸ್, ಮೀನಿಗೆ ವಿಷದ ಮುಳ್ಳು ಚುಚ್ಚಿ ಹಿಡಿಯುತ್ತದೆ. ಅದರ 25 ಅಮೈನೋ ಆಮ್ಲಗಳ ಒಂದು ಪೆಪ್ಟೈಡು ನರತುದಿಯ ಕ್ಯಾಲ್ಸಿಯಂ ಬಾಗಿಲನ್ನು ಮುಚ್ಚಿಬಿಡುತ್ತದೆ. ಮುಚ್ಚಿದರೆ ನೋವಿನ ಸುದ್ದಿ ಮುಂದಿನ ಕೋಶಕ್ಕೆ ದಾಟದು. ಅದನ್ನೇ ಪ್ರಯೋಗಶಾಲೆಯಲ್ಲಿ ತಯಾರಿಸಿ, ಬೇರಾವುದಕ್ಕೂ ಬಗ್ಗದ ನೋವಿಗೆ ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಕೊಡಲು 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಚೇಳು ತೆರೆದಿಡುತ್ತದೆ, ಹುಳು ಮುಚ್ಚಿಡುತ್ತದೆ.

ಈಗ ನಮ್ಮ ಮಕ್ಕಳಲ್ಲಿ ಯಾರಿಗಾದರೂ ಚೇಳು ಕಡಿಯಿತೆಂದರೆ, ಉರಿ ಎಷ್ಟೆಂದು ಕೇಳುವ ಮೊದಲು ಅಂಗೈ ಮುಟ್ಟಿ ನೋಡುತ್ತೇನೆ. ಬೆಚ್ಚಗಿರಲಿ, ತಣ್ಣಗಿರಲಿ, ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ತಣ್ಣಗಿದ್ದರೆ ಆ ಮಾತನ್ನು ವೈದ್ಯರಿಗೆ ಮೊದಲು ಹೇಳುತ್ತೇನೆ.