ಕಾಡುಕತ್ತೆಯ ಅಳಿವು-ಉಳಿವು

ನಮ್ಮ ನುಡಿಯಲ್ಲಿ ಕತ್ತೆಗೆ ಸಂದಿರುವ ಗೌರವ ಅಷ್ಟಕ್ಕಷ್ಟೆ. ಪಾಠ ಒಪ್ಪಿಸದ ಹುಡುಗ ಕತ್ತೆ. ಕಸ್ತೂರಿಯ ಪರಿಮಳವನ್ನರಿಯದವನೂ ಕತ್ತೆಯೇ. ಆದರೆ ಈ ಪ್ರಾಣಿಯ ವಂಶವೃತ್ತಾಂತವನ್ನು ಬಲ್ಲವರು ಹಾಗೆ ಹಗುರವಾಗಿ ನುಡಿಯಲಾರರು.

ಊರಕತ್ತೆಯ ಪೂರ್ವಜ ಆಫ್ರಿಕದ ಕಾಡುಕತ್ತೆ. ಸುಮಾರು 7,000 ವರ್ಷಗಳ ಹಿಂದೆ ಪೂರ್ವ ಆಫ್ರಿಕದಲ್ಲಿ ಮನುಷ್ಯನು ಅದನ್ನು ಪಳಗಿಸಿದನೆಂದು 2022ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ತಿಳಿಸುತ್ತದೆ. ಬೂದುಬಣ್ಣದ ಮೈ, ಬಿಳಿಯ ಹೊಟ್ಟೆ. ಸೊಮಾಲಿ ಬಗೆಯ ಕತ್ತೆಗೆ ಕಾಲಿನಲ್ಲಿ ಜೀಬ್ರಾದಂತಹ ಕಪ್ಪು ಪಟ್ಟೆಗಳು. ಇಥಿಯೋಪಿಯ, ಎರಿಟ್ರಿಯಗಳ ಮರುಭೂಮಿಯಲ್ಲಿ ಇಂದು ಇದರ ಕೊನೆಯ ನೆಲೆ. ಅಲ್ಲಿ ಬೆಳೆದ ಕತ್ತೆಗಳು 200ನ್ನು ಮೀರಲಾರವೆಂದು ಅಂದಾಜು. ಇದಕ್ಕೆ ಕಾರಣಗಳು ಮೂರು: ಮಾಂಸಕ್ಕೂ ನಾಟಿ ಔಷಧಕ್ಕೂ ನಡೆಯುವ ಬೇಟೆ, ಹುಲ್ಲು-ನೀರಿಗಾಗಿ ಸಾಕುಪ್ರಾಣಿಗಳೊಡನೆ ಪೈಪೋಟಿ, ಊರಕತ್ತೆಗಳೊಡನೆ ಬೆರಕೆ. ಮೂರನೆಯದು ವಿಚಿತ್ರವಾದುದು. ತನ್ನ ಸಂತಾನವೇ ತನ್ನ ಕುಲಕ್ಕೆ ಕಂಟಕವಾಗಿದೆ!

ಹೀಗೆಂದು ಕೈಚೆಲ್ಲಬೇಕಾಗಿಲ್ಲ. ಇದರ ದಾಯಾದಿಯಾದ ಇನ್ನೊಂದು ಕಾಡುಕತ್ತೆ ನಮ್ಮ ದೇಶದಲ್ಲೇ, ಗುಜರಾತಿನ ಕಛ್‌ನ ಸಣ್ಣ ರಣದಲ್ಲಿದೆ. 1960ರ ಸುಮಾರಿನಲ್ಲಿ ಸರ್ರಾ ಮೊದಲಾದ ರೋಗಗಳಿಗೆ ಅದು ತುತ್ತಾಯಿತು. 1969ರಲ್ಲಿ ಎಣಿಸಿದಾಗ ಉಳಿದಿದ್ದವು 362 ಮಾತ್ರ. 1973ರಲ್ಲಿ ಸುಮಾರು 5,000 ಚದರ ಕಿಲೋಮೀಟರ್ ನೆಲ ಅಭಯಾರಣ್ಯವಾಯಿತು. 2024ರ ಗಣತಿಯಲ್ಲಿ ಅವುಗಳ ಸಂಖ್ಯೆ 7,672! ನೆಲ, ಕಾನೂನು, ಜನರ ಸೈರಣೆ, ಈ ಮೂರೂ ಕೂಡಿದರೆ ಅಳಿವಿನ ಅಂಚಿನಿಂದಲೂ ಒಂದು ಕುಲ ಹಿಂದಿರುಗಬಲ್ಲದು.

ತೆಂಗಿನ ಸೀಮೆಯ ನಮಗೆ ಇದರಿಂದೇನು ಎಂದು ಮಿತ್ರರು ಕೇಳಬಹುದು. ತುರುವೇಕೆರೆಯ ಕಡೆಯ ಹಳ್ಳಿಯಲ್ಲಿ ನನ್ನ ಅಜ್ಜ ಊರವರ ಬಟ್ಟೆಯ ಗಂಟುಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಕೆರೆಗೆ ಹೋಗುತ್ತಿದ್ದರು. ಆ ದುಡಿಮೆಯ ಅನ್ನವುಂಡ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈಗ ನಮ್ಮ ಬೀದಿಯಲ್ಲಿ ಒಂದು ಕತ್ತೆಯೂ ಇಲ್ಲ. ಜಾನುವಾರು ಗಣತಿಯಂತೆ 2012ರಲ್ಲಿ ಭಾರತದಲ್ಲಿ 3.2 ಲಕ್ಷದಷ್ಟಿದ್ದ ಕತ್ತೆಗಳು 2019ರ ವೇಳೆಗೆ 1.2 ಲಕ್ಷಕ್ಕೆ ಇಳಿದವು.

ತಿಪಟೂರಿನ ಬಳಿಯ ಕೋನೇಹಳ್ಳಿಯಲ್ಲಿ ಸರ್ಕಾರವು ಅಮೃತಮಹಲ್ ತಳಿಯ ದನಗಳನ್ನು ಕಾಪಾಡುತ್ತಿದೆ, ಅದು ಸರಿಯೆ. ಆದರೆ ನಾವು ಕೊಂಡಾಡುವ ಪ್ರಾಣಿಗಳನ್ನು ಮಾತ್ರ ಕಾಯುವುದು ವಿವೇಕವಲ್ಲ. ನಾವು ಬೈಗುಳವಾಗಿಸಿಕೊಂಡ ಪ್ರಾಣಿ ಕಣ್ಮರೆಯಾದಾಗ ಅಳುವವರಿರುವುದಿಲ್ಲ. ಆದುದರಿಂದಲೇ ಅದನ್ನು ಮೊದಲೇ ಎಣಿಸಿಡಬೇಕು, ಕಾಯಬೇಕು ಎಂಬುದು ನನ್ನ ವಿನಮ್ರ ಅಭಿಪ್ರಾಯ.